ಅಂತರರಾಷ್ಟ್ರೀಯ ಸಂಬಂಧಗಳ ಪದವಿಗೆ ಸೇರಿದ್ದೇನೆ, ಓದು ಎಲ್ಲಿಂದ ಹಿಡಿಯಲಿ?

ಹೊಸಪುಟ:
ಎಲ್ಲರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಸಂಬಂಧಗಳ ಪದವಿಗೆ ಸೇರಿ ಇವತ್ತಿಗೆ 9 ದಿನ ಆಯಿತು. ಇಲ್ಲಿಯವರೆಗೆ ನಾನು ಓದಿದ್ದೆಲ್ಲ ವಿಜ್ಞಾನ. ದೇಶಗಳು ಯಾಕೆ ಜಗಳ ಆಡುತ್ತವೆ, ಆಮೇಲೆ ಹೇಗೆ ರಾಜಿಯಾಗುತ್ತವೆ ಅನ್ನುವ ಕುತೂಹಲ ಚಿಕ್ಕಂದಿನಿಂದ ಇತ್ತು. ಇಷ್ಟಪಟ್ಟೇ ಸೇರಿದೆ. ಆದರೆ ಮೊದಲ ವಾರದಲ್ಲೇ ಗಾಬರಿಯಾಗಿದೆ.

ಮೊದಲ ಚರ್ಚಾ ತರಗತಿಯಲ್ಲಿ ಅಕ್ಕಪಕ್ಕ ಕೂತವರು ರಿಯಲಿಸಂ, ಲಿಬರಲಿಸಂ, ಬ್ಯಾಲೆನ್ಸ್ ಆಫ್ ಪವರ್ ಅಂತ ಸಲೀಸಾಗಿ ಮಾತಾಡುತ್ತಿದ್ದರು. ನಾನು ಒಂದು ಗಂಟೆ ಬಾಯೇ ಬಿಡಲಿಲ್ಲ. ಮುಂದಿನ ತರಗತಿಗೆ ಮೂರು ಅಧ್ಯಾಯ ಓದಿಕೊಂಡು ಬನ್ನಿ ಅಂದಿದ್ದಾರೆ, ಒಟ್ಟು 90 ಪುಟ. ನಿನ್ನೆ ಎರಡು ಗಂಟೆ ಕೂತು 11 ಪುಟ ಓದಿದೆ. ಓದಿದ್ದೂ ತಲೆಯಲ್ಲಿ ನಿಂತಿಲ್ಲ.

ಇತಿಹಾಸ ಎಷ್ಟು ಹಿಂದಿನಿಂದ ಗೊತ್ತಿರಬೇಕು? ದಿನಾ ಪ್ರಪಂಚದ ಸುದ್ದಿಯೆಲ್ಲ ಓದಲೇಬೇಕಾ? ಈ ಸಿದ್ಧಾಂತಗಳಿಂದ ನಿಜಕ್ಕೂ ಏನಾದರೂ ಅರ್ಥವಾಗುತ್ತದಾ, ಅಥವಾ ಪರೀಕ್ಷೆಗೆ ಮಾತ್ರಾನಾ? ಜೊತೆಗೆ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಒಂದು ಹೊಸ ಭಾಷೆ, ಈ ಮೂರು ಕಣ್ಣ ಮುಂದಿವೆ. ಇದನ್ನು ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ.

ಬೆಳ್ಳಿಚುಕ್ಕಿ:
ನಾನು ಎರಡನೇ ವರ್ಷ. ನಿಮ್ಮ 11 ಪುಟದ ಕಥೆ ಕಳೆದ ವರ್ಷ ನನ್ನದೇ ಆಗಿತ್ತು. ಮೊದಲು ಆ ಓದಿನ ವಿಷಯ ಹೇಳಿಬಿಡುತ್ತೇನೆ, ಅದು ಸರಿಹೋದರೆ ಅರ್ಧ ಭಯ ಹೋಗುತ್ತದೆ.

ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಸಮ ಓದಬೇಡಿ. ಮೊದಲು ಪೀಠಿಕೆ ಓದಿ, ನೇರ ಕೊನೆಯ ಭಾಗಕ್ಕೆ ಹೋಗಿ. ಬರೆದವರು ಏನು ಸಾಧಿಸಲು ಹೊರಟಿದ್ದಾರೆ, ಯಾರ ಮಾತನ್ನು ಒಪ್ಪುತ್ತಿಲ್ಲ, ಇಷ್ಟನ್ನು ಹುಡುಕಿ. ಈ ವಿಷಯದಲ್ಲಿ ಪ್ರತಿಯೊಂದು ಬರಹವೂ ಇನ್ಯಾರಿಗೋ ಕೊಟ್ಟ ಉತ್ತರ. ಎದುರಾಳಿ ಯಾರು ಅಂತ ಗೊತ್ತಾದ ಕೂಡಲೇ ನಡುವಿನ ಪುಟಗಳು ಬೇಗ ಬೇಗ ಸಾಗುತ್ತವೆ.

ಆಮೇಲೆ ಪುಸ್ತಕ ಮುಚ್ಚಿಟ್ಟು ಅರ್ಧ ಹಾಳೆಯಲ್ಲಿ ಬರೆಯಿರಿ. ಇವರ ಪ್ರಶ್ನೆ ಏನು, ಉತ್ತರ ಏನು, ಅದಕ್ಕೆ ಆಧಾರ ಏನು, ನನಗೆ ಎಲ್ಲಿ ನಂಬಿಕೆ ಬರಲಿಲ್ಲ. ಕೊನೆಯದನ್ನು ಬಿಡಲೇಬೇಡಿ. ಚರ್ಚೆಯಲ್ಲಿ ನೀವು ಆಡಬೇಕಾದ ಮಾತು ಅಲ್ಲೇ ಇರುತ್ತದೆ. ನಾನು ಮೊದಲ ಸೆಮಿಸ್ಟರ್ ಪೂರ್ತಿ ಹಳದಿ ಪೆನ್ನಿನಲ್ಲಿ ಗೆರೆ ಎಳೆದೆ. ಪರೀಕ್ಷೆಗೆ ತೆಗೆದು ನೋಡಿದರೆ ಪುಟವೆಲ್ಲ ಹಳದಿ, ಯಾವುದು ಮುಖ್ಯ ಅಂತಲೇ ಗೊತ್ತಾಗಲಿಲ್ಲ. ತುಂಬಾ ಸಂಕಟಪಟ್ಟೆ. ಅವತ್ತಿನಿಂದ ಅರ್ಧ ಹಾಳೆ ಅಭ್ಯಾಸ.

ಹಳೇಮೇಷ್ಟ್ರು:
ಈ ವಿಷಯದ ಮೊದಲ ವರ್ಷದವರಿಗೆ ಬಹಳ ವರ್ಷ ಪಾಠ ಮಾಡಿದ್ದೇನೆ. ಹೊಸಪುಟ ಅವರೇ, ತರಗತಿಯಲ್ಲಿ ಸುಮ್ಮನೆ ಕೂತಿದ್ದಕ್ಕೆ ಬೇಸರ ಮಾಡ್ಕೋಬೇಡಿ. ಮೊದಲ ವಾರ ದೊಡ್ಡ ಪದ ಆಡುವವರಲ್ಲಿ ಎಷ್ಟೋ ಜನಕ್ಕೆ ಆ ಪದದ ಒಳಗೆ ಏನಿದೆ ಅಂತ ಇನ್ನೂ ಗೊತ್ತಿರುವುದಿಲ್ಲ. ಅದು ತಪ್ಪೂ ಅಲ್ಲ, ಕಲಿಯಲು ತಾನೇ ಬಂದಿರುವುದು.

ಸಿದ್ಧಾಂತ ಯಾಕೆ ಅಂತ ಕೇಳಿದಿರಿ. ಈ ವಿಷಯ ಹುಟ್ಟಿದ್ದೇ ಒಂದು ಸಂಕಟದಿಂದ. 1914ರಿಂದ 1918ರವರೆಗಿನ ಯುದ್ಧ ಮುಗಿದ ಮೇಲೆ, 1919ರಲ್ಲಿ, ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕಾರಣಕ್ಕೆಂದೇ ಮೊದಲ ಅಧ್ಯಯನ ಪೀಠ ಶುರುವಾಯಿತು. ಆ ಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗೆ ಕೊಟ್ಟ ಹಣದಿಂದ. ಇಂಥದ್ದು ಮತ್ತೆ ಆಗದಂತೆ ಏನು ಮಾಡಬೇಕು ಅನ್ನುವುದೇ ಅವರ ಪ್ರಶ್ನೆ. ಕಾನೂನು, ಸಂಸ್ಥೆ, ವ್ಯಾಪಾರ, ಮಾತುಕತೆ ಇವುಗಳಿಂದ ಯುದ್ಧ ತಡೆಯಬಹುದು ಅಂತ ನಂಬಿದವರು ಒಂದು ಕಡೆ. 1920ರಲ್ಲಿ ಅದೇ ನಂಬಿಕೆಯ ಮೇಲೆ ದೇಶಗಳ ಕೂಟವಾದ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಶುರುವಾಯಿತು. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತು, 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಬಿತ್ತು. ರಾಷ್ಟ್ರಸಂಘ ತಡೆಯಲಾಗಲಿಲ್ಲ. 1939ರಲ್ಲಿ ಮತ್ತೆ ಮಹಾಯುದ್ಧ. ನಿಮ್ಮ ಆಸೆಯನ್ನು ಪಕ್ಕಕ್ಕಿಟ್ಟು ಬಲ ಯಾರ ಕೈಲಿದೆ ನೋಡಿ ಅಂತ ಇನ್ನೊಂದು ಕಡೆಯವರು ಎದ್ದು ನಿಂತರು. ನಿಮ್ಮ ಪುಸ್ತಕದಲ್ಲಿ ಲಿಬರಲಿಸಂ, ರಿಯಲಿಸಂ ಅಂತ ತಣ್ಣಗೆ ಕೂತಿರುವ ಎರಡು ಅಧ್ಯಾಯ ಇದೇ ಜಗಳ. ಕೋಟ್ಯಂತರ ಜನ ಸತ್ತ ಮೇಲೆ ನಡೆದ ಜಗಳ ಅಂತ ತಿಳಿದು ಓದಿ, ಆಗ ಪದಗಳು ನಿರ್ಜೀವ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ನಿಮಗೆ ಅನಾರ್ಕಿ ಅನ್ನುವ ಪದ ಮತ್ತೆ ಮತ್ತೆ ಸಿಗುತ್ತದೆ. ಅದನ್ನು ಗಲಾಟೆ, ದೊಂಬಿ ಅಂತ ಅರ್ಥ ಮಾಡಿಕೊಂಡು ಎಷ್ಟೋ ಮಕ್ಕಳು ದಾರಿ ತಪ್ಪುತ್ತಾರೆ. ನಮ್ಮ ಅರಾಜಕತೆ ಅನ್ನುವ ಪದವನ್ನೇ ಬಿಡಿಸಿ ನೋಡಿ. ರಾಜ ಇಲ್ಲದ ಸ್ಥಿತಿ, ಅಷ್ಟೇ. ದೇಶಗಳ ಮೇಲೆ ಇನ್ನೊಬ್ಬ ಯಜಮಾನ ಇಲ್ಲ. ಮೋಸವಾದರೆ ಓಡಿಹೋಗಿ ದೂರು ಕೊಡಲು ಠಾಣೆ ಇಲ್ಲ. ಹಾಗಿದ್ದಾಗ ಪಕ್ಕದ ದೇಶ ತನ್ನ ರಕ್ಷಣೆಗೆ ಅಂತ ಹತ್ತು ಕ್ಷಿಪಣಿ ತಂದರೂ ನಿಮಗೆ ಹೆದರಿಕೆ. ನೀವು ಹನ್ನೆರಡು ತರುತ್ತೀರಿ. ಅವರಿಗೆ ಇನ್ನೂ ಹೆದರಿಕೆ. ಇಬ್ಬರಿಗೂ ಯುದ್ಧ ಬೇಕಿರಲಿಲ್ಲ, ಆದರೂ ಇಬ್ಬರೂ ಮೊದಲಿಗಿಂತ ಅಪಾಯದಲ್ಲಿ. ಭದ್ರತೆಯ ಇಕ್ಕಟ್ಟು ಅಂತ ಕರೆಯುವುದು ಇದನ್ನೇ.

ಆದರೆ ಬ್ರಿಟನ್ ಬಳಿ 200ಕ್ಕೂ ಜಾಸ್ತಿ ಅಣ್ವಸ್ತ್ರ ಇವೆ, ಅಮೆರಿಕ ಅದಕ್ಕೆ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಕಡಿಮೆ ಇರುವ ಉತ್ತರ ಕೊರಿಯಾ ಅಂದರೆ ಚಿಂತೆ. ಬರೀ ಎಣಿಕೆಯಿಂದ ಇದು ಅರ್ಥವಾಗಲ್ಲ ಅಲ್ವಾ? ಯಾರು ನಮ್ಮವರು, ಯಾರು ಹೊರಗಿನವರು ಅನ್ನುವ ಭಾವನೆ ಬೆಳೆದು ಬಂದ ಬಗೆಯನ್ನೂ ನೋಡಬೇಕು ಅನ್ನುವವರು ಕನ್‌ಸ್ಟ್ರಕ್ಟಿವಿಸ್ಟರು. ಇಷ್ಟು ತಲೆಯಲ್ಲಿಟ್ಟುಕೊಂಡು ಆ ಮೂರು ಅಧ್ಯಾಯ ಮತ್ತೆ ತೆಗೆಯಿರಿ.

ಗಡಿಯಾಚೆ:
ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ನೀವು ಹೇಳಿದ ಕಥೆಯೂ ಯೂರೋಪಿನಲ್ಲೇ ಶುರುವಾಗಿ ಹೆಚ್ಚುಕಮ್ಮಿ ಅಲ್ಲೇ ಮುಗಿಯುತ್ತದೆ. ಪಠ್ಯಪುಸ್ತಕಗಳು ಇನ್ನೂ ಹಿಂದಕ್ಕೆ ಹೋಗಿ 1648ರ ವೆಸ್ಟ್‌ಫೇಲಿಯಾ ಶಾಂತಿ ಒಪ್ಪಂದದಿಂದ ಹಿಡಿಯುತ್ತವೆ. ಮ್ಯೂನ್‌ಸ್ಟರ್, ಓಸ್ನಾಬ್ರುಕ್ ಅನ್ನುವ ಎರಡು ಊರುಗಳಲ್ಲಿ ಮಾತುಕತೆ ನಡೆಯಿತು, ಸಾರ್ವಭೌಮ ದೇಶ ಅನ್ನುವ ಕಲ್ಪನೆ ಹುಟ್ಟಿತು ಅಂತ. ಇತಿಹಾಸಕಾರರಲ್ಲಿ ಅನೇಕರು ಇದನ್ನೇ ಒಪ್ಪುವುದಿಲ್ಲ.

ಹೊಸಪುಟ ಅವರು ಇತಿಹಾಸ ಎಲ್ಲಿಂದ ಅಂತ ಕೇಳಿದರಲ್ಲ, ನನ್ನ ಉತ್ತರ 1945ರಿಂದ 1960ರವರೆಗಿನ ಹದಿನೈದು ವರ್ಷ. ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಹೋಗಿ. ವಿಶ್ವಸಂಸ್ಥೆ ಶುರುವಾದಾಗ ಸದಸ್ಯರು 51. ಈಗ 193. ನಡುವೆ ಏನಾಯಿತು? ಸಾಮ್ರಾಜ್ಯಗಳು ಮುರಿದವು. 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ 29 ದೇಶಗಳು ಸೇರಿದವು. 1960 ಒಂದೇ ವರ್ಷ 17 ದೇಶ ವಿಶ್ವಸಂಸ್ಥೆಗೆ ಬಂದವು, ಅದರಲ್ಲಿ 16 ಆಫ್ರಿಕಾದವು. ಅದೇ ಡಿಸೆಂಬರ್ 14ರಂದು ಮಹಾಸಭೆ 1514ನೇ ನಿರ್ಣಯ ಅಂಗೀಕರಿಸಿತು. ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕು ಅನ್ನುವ ಘೋಷಣೆ. ಪರವಾಗಿ 89, ವಿರುದ್ಧ ಸೊನ್ನೆ, ಮತ ಹಾಕದೆ ಉಳಿದವರು 9. ಸ್ವಾತಂತ್ರ್ಯಕ್ಕೆ ನೀವಿನ್ನೂ ತಯಾರಿಲ್ಲ ಅನ್ನುವ ನೆಪ ಹೇಳಿ ತಡ ಮಾಡಬಾರದು ಅನ್ನುವುದೂ ಅದರಲ್ಲಿದೆ. ಘೋಷಣೆಯಲ್ಲಿ ಏಳೇ ಏಳು ಅಂಶ. ಇವತ್ತು ರಾತ್ರಿಯೇ ಓದಬಹುದು.

ಇವತ್ತಿನ ದೇಶಗಳಲ್ಲಿ ಜಾಸ್ತಿ ಪಾಲು 1648ರಲ್ಲಿ ಆ ಮೇಜಿನ ಸುತ್ತ ಇರಲೇ ಇಲ್ಲ. ಅವು ಈ ವ್ಯವಸ್ಥೆಯ ಒಳಗೆ ಬಂದದ್ದು ಯಾವ ಬಾಗಿಲಿಂದ ಅಂತ ತಿಳಿಯದೆ ಇವತ್ತಿನ ಯಾವ ಜಗಳವೂ ಪೂರ್ತಿ ಅರ್ಥವಾಗದು ಅಂತ ನನ್ನ ನಂಬಿಕೆ.

ಹಳೇಮೇಷ್ಟ್ರು:
ತಕರಾರು ಸರಿಯಾಗಿದೆ, ಒಪ್ಪಿದೆ. ಈಗ ಪಾಠ ಮಾಡುವುದಾದರೆ ನಾನೂ 1945ರಿಂದಲೇ ಶುರು ಮಾಡುತ್ತೇನೆ.

ಹೊಸಪುಟ:
ಮೂವರಿಗೂ ಧನ್ಯವಾದ. ಅರಾಜಕತೆ ಪದ ಬಿಡಿಸಿದ್ದು ಓದಿ ಒಂದು ಕ್ಷಣ ಹಾಗೇ ಕೂತೆ. ಇಷ್ಟು ದಿನ ಅದನ್ನು ಗಲಾಟೆ ಅಂತಲೇ ತಿಳಿದಿದ್ದೆ. ಸುದ್ದಿಯ ವಿಷಯ ಯಾರಾದರೂ ಹೇಳ್ತೀರಾ? ನನ್ನ ಸಹಪಾಠಿಯೊಬ್ಬಳು ಬೆಳಗ್ಗೆ ಎದ್ದು ನಾಲ್ಕು ಪತ್ರಿಕೆ ನೋಡುತ್ತಾಳಂತೆ.

ಜಲಸಂಧಿ:
ನಾನೂ ಹಾಗೆ ಮಾಡಿ ಮೂರು ತಿಂಗಳಲ್ಲಿ ಸುಸ್ತಾದೆ. ದಿನಾ ಐವತ್ತು ತಲೆಬರಹ, ರಾತ್ರಿ ಮಲಗುವಾಗ ಒಂದೂ ನೆನಪಿಲ್ಲ. ಆಮೇಲೆ ನಮ್ಮ ಪ್ರಾಧ್ಯಾಪಕರು ಒಂದು ಉಪಾಯ ಹೇಳಿಕೊಟ್ಟರು. ಒಂದು ಸೆಮಿಸ್ಟರಿಗೆ ಒಂದೇ ಸಂಗತಿ ಹಿಡಿದುಕೋ, ಅದರ ಬೇರಿನವರೆಗೆ ಹೋಗು ಅಂದರು.

ನಾನು ಕಪ್ಪು ಸಮುದ್ರದ ಬಾಯಲ್ಲಿರುವ ಬಾಸ್ಫರಸ್, ಡಾರ್ಡನೆಲ್ಸ್ ಜಲಸಂಧಿ ಹಿಡಿದೆ. 2022ರ ಫೆಬ್ರವರಿ ಕೊನೆಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ನಾಲ್ಕೈದು ದಿನದಲ್ಲೇ ಟರ್ಕಿ ಒಂದು ತೀರ್ಮಾನ ಹೇಳಿತು. ಇದು ಯುದ್ಧ, ಹಾಗಾಗಿ ಯುದ್ಧದಲ್ಲಿರುವ ದೇಶಗಳ ಸಮರ ನೌಕೆಗಳಿಗೆ ಜಲಸಂಧಿ ಮುಚ್ಚಿದೆ ಅಂತ. ಯಾವ ಅಧಿಕಾರದಿಂದ? ಹುಡುಕುತ್ತಾ ಹೋದರೆ 1936ರ ಮಾಂಟ್ರೂ ಒಪ್ಪಂದ ಸಿಕ್ಕಿತು. ಅದರ 19ನೇ ಕಲಂನಲ್ಲಿ ಈ ಮಾತಿದೆ. ಅಲ್ಲೇ ಒಂದು ವಿನಾಯಿತಿಯೂ ಇದೆ. ತನ್ನ ನೆಲೆಯಿಂದ ದೂರ ಇರುವ ನೌಕೆ ವಾಪಸ್ ಮನೆಗೆ ಹೋಗಬಹುದು. ಆ ಒಂದು ಸಾಲು ಓದಿದ ದಿನ ನಕ್ಷೆ ಹರಡಿಕೊಂಡು ಯಾವ ನೌಕೆಯ ನೆಲೆ ಎಲ್ಲಿ ಅಂತ ನೋಡುತ್ತಾ ಕೂತೆ. ಎಂಬತ್ತಾರು ವರ್ಷ ಹಿಂದಿನ ಕಾಗದ ಆವತ್ತು ಬೆಳಗಿನ ಸುದ್ದಿಯನ್ನು ನಡೆಸುತ್ತಿತ್ತು. ಕಾನೂನು, ಭೂಗೋಳ, ಸೈನ್ಯ, ಧಾನ್ಯದ ವ್ಯಾಪಾರ ಎಲ್ಲವನ್ನೂ ನಾನು ಕಲಿತದ್ದು ಆ ಒಂದು ಜಲಸಂಧಿಯಿಂದಲೇ.

ಮಿಕ್ಕ ಸುದ್ದಿಗೆ ವಾರಕ್ಕೆ ಒಂದು ಸಲ ಒಂದು ಗಂಟೆ ಸಾಕು.

ಕಾಗದಪತ್ರ:
ಜಲಸಂಧಿಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಈ ಪದವಿಯಲ್ಲಿ ನನಗೆ ಸಿಕ್ಕಿದ್ದರಲ್ಲಿ ಇದೇ ದೊಡ್ಡದು. ಮೂಲ ಕಾಗದ ಓದಿ. ಅದರ ಬಗ್ಗೆ ಬರೆದದ್ದನ್ನು ಆಮೇಲೆ ಓದಿ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ ತೆಗೆದುಕೊಳ್ಳಿ. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವಿನ 1967ರ ಜೂನ್ ಯುದ್ಧದ ನಂತರ, ನವೆಂಬರ್ 22ರಂದು, 15 ಸದಸ್ಯರೂ ಒಪ್ಪಿ ಪಾಸಾದದ್ದು. ಒಂದು ಪುಟದಷ್ಟೇ ಇದೆ. ಇಂಗ್ಲಿಷ್ ಪಠ್ಯದಲ್ಲಿ ಇಸ್ರೇಲಿನ ಪಡೆಗಳು 'ಫ್ರಮ್ ಟೆರಿಟರೀಸ್ ಆಕ್ಯುಪೈಡ್' ವಾಪಸಾಗಬೇಕು ಅಂತ ಇದೆ. ಟೆರಿಟರೀಸ್ ಮುಂದೆ 'ದಿ' ಇಲ್ಲ. ಫ್ರೆಂಚ್ ಪಠ್ಯದಲ್ಲಿ 'ದೆ ತೆರಿತ್ವಾರ್' ಅಂತ ಇದೆ. ಅದನ್ನು ವಶಪಡಿಸಿಕೊಂಡ ಆ ಪ್ರದೇಶಗಳಿಂದ, ಅಂದರೆ ಎಲ್ಲದರಿಂದ, ಅಂತ ಓದಬಹುದು. ಇಂಗ್ಲಿಷಿನದ್ದನ್ನು ಕೆಲವು ಪ್ರದೇಶಗಳಿಂದ ಅಂತಲೂ ಓದಲು ಜಾಗ ಇದೆ ಅಂತ ಒಂದು ಕಡೆಯವರ ವಾದ. ಪೀಠಿಕೆಯಲ್ಲೇ ಯುದ್ಧದಿಂದ ನೆಲ ಗಳಿಸುವಂತಿಲ್ಲ ಅಂತ ಬರೆದಿರುವಾಗ ಅಂಥ ಓದು ಸಲ್ಲದು ಅಂತ ಇನ್ನೊಂದು ಕಡೆಯವರ ವಾದ. ಎರಡು ಭಾಷೆಯ ಪಠ್ಯಕ್ಕೂ ಅಧಿಕೃತ ಅನ್ನುವ ಸ್ಥಾನ ಇದೆ. ಒಂದು ಪುಟ್ಟ ಪದ ಇಲ್ಲದ್ದಕ್ಕೆ ಅರ್ಧ ಶತಮಾನಕ್ಕೂ ಜಾಸ್ತಿ ಕಾಲದಿಂದ ವಾದ ನಡೆಯುತ್ತಿದೆ.

ಈಗ ಆ ಸಾಲನ್ನು ಕನ್ನಡಕ್ಕೆ ತಂದು ನೋಡಿ. 'ವಶಪಡಿಸಿಕೊಂಡ ಪ್ರದೇಶಗಳಿಂದ'. ಮುಗಿಯಿತು, ವ್ಯತ್ಯಾಸವೇ ಮಾಯ. ನಮ್ಮ ಭಾಷೆಯಲ್ಲಿ 'ದಿ' ಅನ್ನುವುದಕ್ಕೆ ಸಮನಾದ ಪದ ಇಲ್ಲ. 'ಆ' ಸೇರಿಸಿದರೂ ಅದೇ ತೂಕ ಬರುವುದಿಲ್ಲ. ನಾನು ಇದನ್ನು ಮೂರು ಬಗೆಯಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಮಾತುಕತೆಯ ಮೇಜಿನಲ್ಲಿ ಕೂತವರು ಒಂದೊಂದು ಪದಕ್ಕೆ ರಾತ್ರಿಯೆಲ್ಲ ಯಾಕೆ ಹೆಣಗುತ್ತಾರೆ ಅಂತ ನನಗೆ ಗೊತ್ತಾದದ್ದು ಆವತ್ತು. ನೀವೂ ಮಾಡಿ ನೋಡಿ. ಇಂಗ್ಲಿಷ್ ಪಠ್ಯ ಕಷ್ಟ ಅಂತ ಹಿಂಜರಿಯುವವರಿಗೆ ಹೇಳುತ್ತಿದ್ದೇನೆ, ಎರಡು ಭಾಷೆ ಗೊತ್ತಿರುವವರಿಗೆ ಇಂಥ ಬಿರುಕು ಬೇಗ ಕಾಣುತ್ತದೆ.

ಕ್ರಿಯಾಪದಗಳನ್ನೂ ಗಮನಿಸಿ. ಮಂಡಳಿ ತೀರ್ಮಾನಿಸುತ್ತದೆ ಅನ್ನುವುದಕ್ಕೂ, ಕರೆ ಕೊಡುತ್ತದೆ ಅನ್ನುವುದಕ್ಕೂ, ಕಳವಳ ವ್ಯಕ್ತಪಡಿಸುತ್ತದೆ ಅನ್ನುವುದಕ್ಕೂ ಬಹಳ ಅಂತರ ಇದೆ. ಮೆತ್ತನೆಯ ಪದ ಕಂಡರೆ ಅಲ್ಲಿ ಯಾರೋ ಒಪ್ಪಿಲ್ಲ ಅಂತ ಅನುಮಾನಪಡಿ. ಐದು ಕಾಯಂ ಸದಸ್ಯರಲ್ಲಿ ಒಬ್ಬರು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ ಅಲ್ವಾ, ಅವರನ್ನು ಉಳಿಸಿಕೊಳ್ಳಲು ಪದ ಮೆತ್ತಗಾಗಿರುತ್ತದೆ.

ಗಡಿಯಾಚೆ:
ಕಾಯಂ ಸದಸ್ಯರ ಮಾತು ಬಂದದ್ದಕ್ಕೆ ಒಂದು ನೆನಪಾಯಿತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧದ ನಿರ್ಣಯಗಳು ಪಾಸಾದಾಗ ಸೋವಿಯತ್ ಒಕ್ಕೂಟದ ಕುರ್ಚಿ ಖಾಲಿ ಇತ್ತು. ಚೀನಾದ ಸ್ಥಾನ ಯಾರಿಗೆ ಅನ್ನುವ ಜಗಳದಲ್ಲಿ ಅವರು ಜನವರಿಯಿಂದ ಸಭೆಗೆ ಬರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ವಾಪಸ್ ಬಂದರು. ಮತದಾನದ ವಿವರ ನೋಡುವಾಗ ಯಾರು ಇರಲಿಲ್ಲ ಅಂತಲೂ ನೋಡಿ.

ಎಣಿಕೆಪುಸ್ತಕ:
ಐಚ್ಛಿಕ ವಿಷಯಕ್ಕೆ ನನ್ನ ಮತ ಸಂಖ್ಯಾಶಾಸ್ತ್ರಕ್ಕೆ. ವಿಜ್ಞಾನ ಓದಿ ಬಂದವರು ನೀವು, ಅದನ್ನು ಕೈಬಿಡಬೇಡಿ. ಪ್ರಜಾಪ್ರಭುತ್ವ ಇರುವ ದೇಶಗಳು ಒಂದರ ಮೇಲೊಂದು ಯುದ್ಧ ಮಾಡುವುದು ತೀರಾ ಅಪರೂಪ ಅಂತ ಮೊದಲ ವರ್ಷದಲ್ಲೇ ಕೇಳುತ್ತೀರಿ. ಅದು ನಿಂತಿರುವುದು ಎಣಿಕೆಯ ಮೇಲೆ. ಯುದ್ಧ ಅಂದರೆ ಏನು? ಕೊರಿಲೇಟ್ಸ್ ಆಫ್ ವಾರ್ ಅನ್ನುವ ದತ್ತಾಂಶದಲ್ಲಿ ವರ್ಷಕ್ಕೆ 1,000 ಜನ ಕದನದಲ್ಲಿ ಸತ್ತರೆ ಯುದ್ಧ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ವರ್ಷಕ್ಕೆ 25 ಸಾವಿನಿಂದಲೇ ಸಶಸ್ತ್ರ ಸಂಘರ್ಷ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. 999 ಜನ ಸತ್ತರೆ ಒಂದು ಪಟ್ಟಿಯಲ್ಲಿ ಯುದ್ಧವೇ ಇಲ್ಲ. ಸಾಲಿನ ಹಿಂದೆ ಮನುಷ್ಯರಿದ್ದಾರೆ ಅಂತ ಮರೆಯದೆ, ಗೆರೆ ಎಲ್ಲಿ ಎಳೆದಿದ್ದಾರೆ ಅಂತ ಕೇಳುವ ಧೈರ್ಯ ಸಂಖ್ಯಾಶಾಸ್ತ್ರ ಕೊಡುತ್ತದೆ.

ಬೆಳ್ಳಿಚುಕ್ಕಿ:
ನಾನು ಭಾಷೆ ತಗೊಂಡೆ, ಪಶ್ಚಾತ್ತಾಪ ಇಲ್ಲ. ಭಾಷೆ ನಿಧಾನ, ಮೊದಲ ವರ್ಷವೇ ಶುರು ಮಾಡಿದರೆ ಮೂರನೇ ವರ್ಷಕ್ಕೆ ಒಂದು ಪತ್ರಿಕೆ ಓದುವ ಮಟ್ಟಕ್ಕೆ ಬರಬಹುದು. ಅರ್ಥಶಾಸ್ತ್ರವನ್ನು ಮುಂದೆಯೂ ಸೇರಿಸಿಕೊಳ್ಳಬಹುದು.

ಹೊಸಪುಟ:
ಇನ್ನೊಂದು ಪ್ರಶ್ನೆ, ಮನೆಯವರು ದಿನಾ ಕೇಳುವುದು. ಇದನ್ನು ಓದಿದವರು ಮುಂದೆ ಏನು ಕೆಲಸ ಮಾಡುತ್ತಾರೆ? ಎಲ್ಲರೂ ರಾಯಭಾರಿಗಳಾಗುವುದಿಲ್ಲ ಅಂತ ಗೊತ್ತು.

ಕಾಗದಪತ್ರ:
ಹೌದು, ಬಹಳ ಕಡಿಮೆ ಜನ ಆಗುತ್ತಾರೆ. ಎಷ್ಟೋ ದೇಶಗಳಲ್ಲಿ ವಿದೇಶಾಂಗ ಸೇವೆಗೆ ಬೇರೆಯೇ ಪರೀಕ್ಷೆ ಇರುತ್ತದೆ, ಯಾವ ಪದವಿಯವರಾದರೂ ಬರೆಯಬಹುದು. ನನ್ನ ಜೊತೆ ಓದಿದವರಲ್ಲಿ ಒಬ್ಬಳು ನಿರಾಶ್ರಿತರ ಜೊತೆ ಕೆಲಸ ಮಾಡುತ್ತಾಳೆ, ಇಬ್ಬರು ಪತ್ರಕರ್ತರು, ಒಬ್ಬ ಒಂದು ವಿಮಾ ಕಂಪನಿಗೆ ಯಾವ ಸಮುದ್ರ ಮಾರ್ಗ ಅಪಾಯ ಅಂತ ಹೇಳುವ ಕೆಲಸದಲ್ಲಿದ್ದಾನೆ, ಇನ್ನೊಬ್ಬಳು ಕಾನೂನು ಓದಲು ಹೋದಳು.

ಇವರೆಲ್ಲರಿಗೂ ಬೇಕಾದ್ದು ಚೊಕ್ಕಟವಾಗಿ ಬರೆಯುವ ಕೈ. ನಾನು ತರಬೇತಿಗೆ ಹೋದ ಕಚೇರಿಯಲ್ಲಿ ಒಂದು ಗಡಿ ವಿವಾದದ ಮೇಲೆ ಟಿಪ್ಪಣಿ ಕೇಳಿದರು. ನಾಲ್ಕು ದಿನ ನಿದ್ದೆಗೆಟ್ಟು 9 ಪುಟ ಬರೆದುಕೊಟ್ಟೆ. ಮೇಲಿನವರು ಮೊದಲ ಪುಟವನ್ನೂ ಪೂರ್ತಿ ನೋಡಲಿಲ್ಲ. ಹಾಗೇ ವಾಪಸ್ ಬಂತು. ತುಂಬಾ ನೋವಾಯಿತು. ಪಕ್ಕದ ಮೇಜಿನ ಮೇಡಂ ಅದನ್ನು ತಗೊಂಡು ನನ್ನ ಎಂಟನೇ ಪುಟದ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. 'ಈಗ ಏನು ಮಾಡಬೇಕು ಅಂತ ನೀವು ಹೇಳಿರುವುದು ಇದು. ಇದನ್ನು ಮೊದಲ ಸಾಲು ಮಾಡಿ, ಮಿಕ್ಕಿದ್ದನ್ನು ಎರಡು ಪುಟಕ್ಕೆ ಇಳಿಸಿ' ಅಂದರು. ಆ ಪೆನ್ಸಿಲ್ ಗುರುತಿನ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಜಲಸಂಧಿ:
ವಿದ್ಯಾರ್ಥಿಗಳು ಒಂದೊಂದು ದೇಶದ ಪರವಾಗಿ ಮಾತಾಡುವ ಅಣಕು ವಿಶ್ವಸಂಸ್ಥೆ ಸ್ಪರ್ಧೆಗಳಿಗೂ ಒಂದೆರಡು ಸಲ ಹೋಗಿ. ಎದ್ದು ನಿಂತು ಮಾತಾಡುವ ಭಯ ಹೋಗುತ್ತದೆ. ಅದರಲ್ಲೇ ಮುಳುಗಿ ಓದು ಬಿಡಬೇಡಿ ಅಷ್ಟೇ.

ಹೊಸಪುಟ:
ಮೂರು ವಾರ ಆದ ಮೇಲೆ ಮತ್ತೆ ಬಂದಿದ್ದೇನೆ. ಸಂಖ್ಯಾಶಾಸ್ತ್ರ ತಗೊಂಡೆ, ಭಾಷೆಯನ್ನು ಸಂಜೆ ಹೊತ್ತು ಸ್ವಂತಕ್ಕೆ ಕಲಿಯುತ್ತಿದ್ದೇನೆ. ಅರ್ಧ ಹಾಳೆ ಅಭ್ಯಾಸ ನಡೀತಿದೆ.

ಹೋದ ವಾರದ ಪಾಠ 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ತಂದಿಟ್ಟದ್ದಕ್ಕೆ ಅಮೆರಿಕದ ಜೊತೆ ಎದ್ದ ಜಗಳ. ಕಾಗದಪತ್ರ ಅವರು ಹೇಳಿದ ಹಾಗೆ ಮೊದಲು ಮೂಲಕ್ಕೆ ಹೋದೆ. ಅಕ್ಟೋಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿ ಮಾಡಿದ ಭಾಷಣ ತೆಗೆದು, ಕ್ರಿಯಾಪದಗಳಿಗೆ ಗೆರೆ ಹಾಕುತ್ತಾ ಓದಿದೆ. ಕ್ಯೂಬಾಕ್ಕೆ ಆಯುಧ ಒಯ್ಯುವ ಹಡಗುಗಳನ್ನು ತಡೆದು ವಾಪಸ್ ಕಳಿಸುತ್ತೇವೆ ಅಂತಾರೆ, ಆದರೆ ಅದನ್ನು ದಿಗ್ಬಂಧನ ಅನ್ನುವುದಿಲ್ಲ, ಕ್ವಾರಂಟೈನ್ ಅನ್ನುತ್ತಾರೆ. ಯಾಕೆ ಅಂತ ಹುಡುಕಿದೆ. ದಿಗ್ಬಂಧನ ಅಂದರೆ ಯುದ್ಧದ ಕೃತ್ಯ ಅಂತ ಅರ್ಥ ಬರುತ್ತದೆ. ಆಮೇಲೆ ವಿಶ್ವಸಂಸ್ಥೆಯ ಸನ್ನದು ತೆಗೆದೆ. 2ನೇ ಕಲಂನ 4ನೇ ಅಂಶ ಬಲಪ್ರಯೋಗ ಬೇಡ ಅನ್ನುತ್ತದೆ, 51ನೇ ಕಲಂ ಸಶಸ್ತ್ರ ದಾಳಿ ನಡೆದರೆ ಆತ್ಮರಕ್ಷಣೆಯ ಹಕ್ಕಿದೆ ಅನ್ನುತ್ತದೆ. ಕ್ಷಿಪಣಿ ತಂದು ನಿಲ್ಲಿಸಿದ್ದು ದಾಳಿಯಾ?

ತರಗತಿಯಲ್ಲಿ ಕೈ ಎತ್ತಿ ಕೇಳಿದೆ. 'ಹೆಸರು ಬದಲಾಯಿಸಿದರೆ ಕೆಲಸ ಬದಲಾಗುತ್ತದಾ?' ಧ್ವನಿ ಸ್ವಲ್ಪ ನಡುಗಿತು. ಅರ್ಧ ಗಂಟೆ ಅದರ ಮೇಲೇ ಚರ್ಚೆ ನಡೆಯಿತು. ಹೆಸರು ಮೆತ್ತಗಿದ್ದದ್ದಕ್ಕೇ ಸೋವಿಯತ್ ಕಡೆಯವರಿಗೆ ಮಾನ ಉಳಿಸಿಕೊಂಡು ಹಿಂದೆ ಸರಿಯಲು ಜಾಗ ಸಿಕ್ಕಿತು ಅಂತ ಒಬ್ಬಳು ಅಂದಳು. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿ ತೆಗೆಯುವ ಗುಟ್ಟಿನ ಮಾತು ಇಲ್ಲದಿದ್ದರೆ ಹೆಸರಿನಿಂದ ಏನೂ ಆಗುತ್ತಿರಲಿಲ್ಲ ಅಂತ ಇನ್ನೊಬ್ಬ. ಇಬ್ಬರೂ ಸರಿ ಅನ್ನಿಸಿತು. ಮೊದಲ ಪ್ರಬಂಧಕ್ಕೆ ಇದನ್ನೇ ವಿಷಯ ಮಾಡಿಕೊಂಡಿದ್ದೇನೆ, 1,500 ಪದ, ಸೋಮವಾರಕ್ಕೆ ಕೊಡಬೇಕು. ಮೊದಲ ಪ್ಯಾರಾ ಮಾತ್ರ ಆಗಿದೆ.

ಹಳೇಮೇಷ್ಟ್ರು:
ಬಹಳ ಸಂತೋಷವಾಯಿತು. ಪ್ರಬಂಧದಲ್ಲಿ ಅಕ್ಟೋಬರ್ 23ರಂದು ಅಮೆರಿಕ ಖಂಡದ ದೇಶಗಳ ಸಂಘಟನೆ ಕೊಟ್ಟ ಬೆಂಬಲವನ್ನೂ ನೋಡಿ. ಅಮೆರಿಕ ಕಾನೂನಿನ ಆಸರೆ ಹುಡುಕಿದ್ದು ಅಲ್ಲಿ, 51ನೇ ಕಲಂ ಮೇಲೆ ಭಾರ ಹಾಕಲಿಲ್ಲ.

ಕಾಗದಪತ್ರ:
ಆ ಮೊದಲ ಪ್ಯಾರಾ ಇಲ್ಲಿ ಹಾಕಿ, ನೋಡೋಣ. ನಿಮ್ಮ ಉತ್ತರ ಮೊದಲ ಸಾಲಿನಲ್ಲಿದೆಯಾ?

ಹೊಸಪುಟ:
ಇಲ್ಲ, ನಾಲ್ಕನೇ ಸಾಲಿನಲ್ಲಿದೆ! ಈಗಲೇ ಮೇಲಕ್ಕೆ ತಂದು ಹಾಕುತ್ತೇನೆ.